ಅಂತರ್ಜಲದ ನಾಡಿ ನೋಡುವ ಕೊಳವೆಬಾವಿ



ಹಾಲಿನ ನೂರು ಪಾಲಿನಲ್ಲಿ ಸುಮಾರು 87 ಪಾಲು ನೀರು. ಹಾಲು ಕೊಡುವ ಹಸು ದಿನಕ್ಕೆ 60ರಿಂದ 100 ಲೀಟರ್ ನೀರು ಕುಡಿಯುತ್ತದೆ. ಮೇವು, ಹಿಂಡಿಯನ್ನು ಮುಟ್ಟಿ ಮೂಸಿ ನೋಡುವ ನಾವು ನೀರನ್ನು ಮಾತ್ರ ತಿಳಿಯಾಗಿದ್ದರೆ ಸಾಕು ಎಂದು ಬಿಡುತ್ತೇವೆ. ಆದರೆ ನೈಟ್ರೇಟ್, ಫ್ಲೋರೈಡ್‌ಗಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ ಬೋರ್‌ವೆಲ್‌ಗೆ ನೀರು ಬಂದರೆ ಸಂತೋಷವೇ. ಆದರೆ ಅದನ್ನು ಹಸುವಿಗೂ ಮಕ್ಕಳಿಗೂ ಕುಡಿಸಬಹುದೇ? ಇಂಥ ಪ್ರಶ್ನೆಗೆ ಉತ್ತರ ಹುಡುಕಲೆಂದೇ ಇರುವುದು ವೀಕ್ಷಣಾ ಕೊಳವೆಬಾವಿ. ಕೆರೆ, ಕಾರ್ಖಾನೆ, ಕಸ ಸುರಿಯುವ ಜಾಗಗಳ ಸುತ್ತ ಇದನ್ನು ಕೊರೆಯುತ್ತಾರೆ. ಇದು ನೀರೆತ್ತಲು ಅಲ್ಲ, ನೀರನ್ನು ನೋಡಲು.

ಹೇಗೆ ಕೂರಿಸುತ್ತಾರೆ?

ಕೊರೆದ ಗುಂಡಿಗೆ ಪಿ.ವಿ.ಸಿ. ಪೈಪ್ ಇಳಿಸುತ್ತಾರೆ. ನೀರಿರುವ ಆಳದಲ್ಲಿ ಮಾತ್ರ ಪೈಪಿಗೆ ಸಣ್ಣ ಸೀಳುಗಳಿರುತ್ತವೆ. ಆ ಭಾಗದ ಸುತ್ತ ತೊಳೆದ ಮರಳು, ಅದರ ಮೇಲೆ ನೀರು ತಾಗಿದರೆ ಉಬ್ಬುವ ಬೆಂಟೊನೈಟ್ ಜೇಡಿ, ನಂತರ ನೆಲಮಟ್ಟದವರೆಗೆ ಸಿಮೆಂಟ್ ಗಾರೆ ತುಂಬುತ್ತಾರೆ. ಮೇಲಿನ ಕೊಚ್ಚೆ ಪೈಪಿನ ಪಕ್ಕದಿಂದ ಇಳಿದರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಬಾಯಿಗೆ ಮುಚ್ಚಳ, ಬೀಗ.

ಒಂದೇ ಬಾವಿ ಸಾಲದು. ನೀರು ಯಾವ ಕಡೆ ಹರಿಯುತ್ತಿದೆ ಎಂದು ತಿಳಿಯಲು ಕನಿಷ್ಠ ಮೂರು ಬೇಕು. ಒಂದು ಹರಿವಿನ ಮೇಲ್ಭಾಗದಲ್ಲಿ, ಉಳಿದವು ಕೆಳಭಾಗದಲ್ಲಿ. ಮೇಲಿನ ನೀರು ಚೆನ್ನಾಗಿದ್ದು ಕೆಳಗಿನದು ಕೆಟ್ಟಿದ್ದರೆ, ತೊಂದರೆ ನಡುವಿನ ಜಾಗದ್ದಿರಬಹುದು. ನಮ್ಮ ಬಯಲುಸೀಮೆಯ ಗಟ್ಟಿ ಕಲ್ಲಿನಲ್ಲಿ ನೀರು ಬಿರುಕುಗಳಲ್ಲಿ ಹರಿಯುವುದರಿಂದ ಜಾಗ ಆರಿಸಲು ಭೂವಿಜ್ಞಾನಿಯೇ ಬೇಕು.

ಸ್ಯಾಂಪಲ್ ತೆಗೆಯುವುದು

ಹಾಲು ಕರೆಯುವಾಗ ಮೊದಲ ಧಾರೆಗಳನ್ನು ಬೇರೆ ಹಿಂಡಿ ಬಿಡುತ್ತೀರಲ್ಲ? ಇಲ್ಲಿಯೂ ಹಾಗೆಯೇ. ಪೈಪಿನಲ್ಲಿ ನಿಂತ ನೀರು ನೆಲದೊಳಗಿನ ನೀರಿನ ನಿಜ ಗುಣ ಹೇಳದು. ಮೊದಲು ನೀರಿನ ಮಟ್ಟ ಅಳೆದು, ನಂತರ ಪೈಪಿನಲ್ಲಿರುವಷ್ಟರ ಮೂರು ಪಟ್ಟು ನೀರನ್ನು ಹೊರಹಾಕುವುದು ರೂಢಿ. ನಾಲ್ಕು ಇಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು 8 ಲೀಟರ್ ನೀರಿರುತ್ತದೆ. 10 ಮೀಟರ್ ನೀರಿದ್ದರೆ 240 ಲೀಟರ್ ತೆಗೆಯಬೇಕು. ಆಮೇಲೆ ಬಾಟಲಿ ತುಂಬಿ, ಚೀಟಿ ಅಂಟಿಸಿ, ಐಸ್ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ.

ನಿಮ್ಮ ಬೋರ್‌ವೆಲ್‌ಗೆ ಹೀಗೆ ಮಾಡಿ

• ಮೋಟಾರ್ 10-15 ನಿಮಿಷ ಓಡಲಿ. ತೊಟ್ಟಿಯಿಂದಲ್ಲ, ಬೋರಿನ ಬಾಯಿಂದಲೇ ನೀರು ಹಿಡಿಯಿರಿ.
• ರಾಸಾಯನಿಕ ಪರೀಕ್ಷೆಗಾದರೆ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ.
• ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರು ಕೊಟ್ಟ ಬಾಟಲಿಯನ್ನು ತೊಳೆಯಬೇಡಿ, ಒಳಗೆ ಬೆರಳು ತಾಗಿಸಬೇಡಿ. ತಣ್ಣಗಿಟ್ಟು ಅದೇ ದಿನ ತಲುಪಿಸಿ.
• ದಿನಾಂಕ, ಬೋರಿನ ಆಳ, ಊರು ಬರೆಯಿರಿ.

ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದ ನೀರಿನಲ್ಲಿ ಎಳೆಗೂಸಿಗೆ ಹಾಲಿನ ಪುಡಿ ಕಲಸಿ ಕೊಟ್ಟರೆ ಮೈ ನೀಲಿಗಟ್ಟುವ ಅಪಾಯವಿದೆ. ಕುದಿಸಿದರೆ ನೈಟ್ರೇಟ್ ಹೋಗದು, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಪ್ರಮಾಣ ತೀರಾ ಹೆಚ್ಚಿದ್ದರೆ ಹಸುವಿಗೂ ಕಷ್ಟ: ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದುತ್ತದೆ.

ಒಂದು ಮಾತು. ನೈಟ್ರೇಟ್ ಹೊರಗಿನಿಂದಲೇ ಬರಬೇಕೆಂದಿಲ್ಲ. ನಮ್ಮ ತಿಪ್ಪೆ, ಕೊಟ್ಟಿಗೆಯ ಗಂಜಲ, ಹೊಲದ ಯೂರಿಯಾದಿಂದಲೂ ಇಳಿಯುತ್ತದೆ. ತಿಪ್ಪೆ ಬೋರ್‌ವೆಲ್‌ನ ಮೇಲ್ಭಾಗದಲ್ಲಿದ್ದರೆ ಇಳಿಜಾರಿನ ಕೆಳಕ್ಕೆ, ದೂರಕ್ಕೆ ಸರಿಸಿ. ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ ಕಟ್ಟಿಸಿ. ಬತ್ತಿದ ಬೋರನ್ನು ಮುಚ್ಚಿಸಿ.

ಜಲಜೀವನ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡುವ ಏರ್ಪಾಡಿದೆ. ನಿಮ್ಮ ಊರಿನ ಆ ಐವರು ಯಾರೆಂದು ಪಂಚಾಯಿತಿಯಲ್ಲಿ ಕೇಳಿ. ಮಳೆಗಾಲಕ್ಕೆ ಮೊದಲೊಮ್ಮೆ, ನಂತರವೊಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ಸಂಘದ ಫಲಕದಲ್ಲಿ ಹಾಕಿಸಿ. ಡೇರಿಯಲ್ಲಿ ದಿನವೂ ಹಾಲಿನ ಫ್ಯಾಟ್ ನೋಡಿಸುವ ನಾವು ವರ್ಷಕ್ಕೆ ಎರಡು ಸಲ ನೀರನ್ನೂ ನೋಡಿಸೋಣ.