ಮಾಗಿ ಚಳಿಗೆ ಹಗಲಿನ ಬಿಸಿಲೇ ಮದ್ದು

ಡಿಸೆಂಬರ್ ಬಂತೆಂದರೆ ಶಿವಮೊಗ್ಗದ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹೆಪ್ಪುಗಟ್ಟುವ ಈ ಎಣ್ಣೆ, ಮನೆಯೊಳಗಿನ ಥರ್ಮಾಮೀಟರೇ ಸರಿ. ಅದೇ ಬಾಟಲಿಯನ್ನು ಮಧ್ಯಾಹ್ನ ಬಿಸಿಲಿಗಿಟ್ಟರೆ ಕರಗಿ ನೀರಾಗುತ್ತದೆ. ನಮ್ಮ ಚಳಿಗಾಲದ ಸ್ವಭಾವವೂ ಹೀಗೆಯೇ. ಬೆಳಗಿನ ಜಾವ 13–15 ಡಿಗ್ರಿ ಇದ್ದದ್ದು ಮಧ್ಯಾಹ್ನಕ್ಕೆ 28–30ಕ್ಕೆ ಏರುತ್ತದೆ. ಹಿಮ ಬೀಳುವ ನಾಡಿನವರು ಇದನ್ನು ಚಳಿ ಎನ್ನಲಾರರು. ಆದರೆ ಅವರ ಮನೆಗಳು ಚಳಿ ತಡೆಯಲೆಂದೇ ಕಟ್ಟಿದವು. ನಮ್ಮವು ಮಳೆಗೆ, ಸೆಕೆಗೆ ಕಟ್ಟಿದವು. ಮೈಗೆ ಕಷ್ಟವಾಗುವುದು ಒಂದೇ ದಿನದ ಈ ಏರಿಳಿತ. ಪರಿಹಾರವೂ ಅದರಲ್ಲೇ ಇದೆ.

ಚಳಿ ಬರುವ ಬಗೆ

ಹಿಂಗಾರು ಮುಗಿದ ಮೇಲೆ ಈಶಾನ್ಯದಿಂದ ಒಣಗಾಳಿ ಬೀಸುತ್ತದೆ, ಆಕಾಶ ತಿಳಿಯಾಗುತ್ತದೆ. ಮೋಡದ ಹೊದಿಕೆ ಇಲ್ಲದ ರಾತ್ರಿ, ನೆಲ ಹಗಲು ಹೀರಿದ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣಿದು, ಭಾರವಾಗಿ, ತಗ್ಗಿನಲ್ಲಿ ನಿಲ್ಲುತ್ತದೆ. ಶಿವಮೊಗ್ಗದ ತುಂಗೆಯ ದಡ, ಭದ್ರಾವತಿಯ ಭದ್ರೆಯ ದಡ, ಸುತ್ತಲಿನ ಗದ್ದೆ ಬಯಲುಗಳಲ್ಲಿ ಮಂಜು ಮೊದಲು ಕವಿಯುವುದು ಇದರಿಂದಲೇ.

ಆ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಮುಚ್ಚಳದಂತೆ ಕೂರುತ್ತದೆ. ಆಗ ಹೊಗೆ ಮೇಲೇರದೆ ಕೆಳಗೇ ಹರಡುತ್ತದೆ. ಬೆಳಿಗ್ಗೆ ತರಗೆಲೆ, ಕಸ ಸುಡಬೇಡಿ. ಉಬ್ಬಸ ಇರುವವರು ವಾಕಿಂಗ್‌ಗೆ ಬಿಸಿಲು ಬಿದ್ದ ಮೇಲೆ ಹೊರಡುವುದು ಕ್ಷೇಮ. ಡಿಸೆಂಬರ್ 21ರ ಹೊತ್ತಿಗೆ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ, ಜನವರಿ ಮೂರನೇ ವಾರದಲ್ಲಿ ಇನ್ನೂ ತಡ, ಸುಮಾರು 6.55ಕ್ಕೆ. ಸಂಕ್ರಾಂತಿ ಕಳೆದರೂ ಬೆಳಗಿನ ಚಳಿ ಬಿಡದಿರುವುದಕ್ಕೆ ಇದೂ ಒಂದು ಕಾರಣ.

ಬಿಸಿಲನ್ನು ಕೂಡಿಡುವುದು

ತಿಳಿ ಆಕಾಶ ರಾತ್ರಿ ಕಸಿದುಕೊಳ್ಳುವ ಕಾವನ್ನು ಹಗಲು ಧಾರಾಳವಾಗಿ ಕೊಡುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ಕಿಟಕಿ ತೆರೆದಿಡಿ, ಹೊತ್ತು ಮುಳುಗುವ ಮೊದಲೇ ಮುಚ್ಚಿ. ಆರ್‌ಸಿಸಿ ಮನೆಯ ಗೋಡೆಗಳು ಹೀರಿದ ಕಾವು ರಾತ್ರಿ ಬಹಳ ಹೊತ್ತು ಉಳಿಯುತ್ತದೆ. ಹೆಂಚಿನ ಮಾಡು ಬೇಗ ತಣಿಯುತ್ತದೆ. ಹಳೇ ಮನೆಗಳಲ್ಲಿ ನಡುವೆ ಇರುವ ಮರದ ಅಟ್ಟವೇ ಕಾವನ್ನು ತಡೆದು ನಿಲ್ಲಿಸುತ್ತದೆ.

ಹಾಸಿಗೆ, ಕೌದಿ, ರಗ್ಗುಗಳನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ. ತೇವ ಆರಿದರೆ ಹತ್ತಿ ಉಬ್ಬುತ್ತದೆ, ನಡುವೆ ಗಾಳಿ ನಿಲ್ಲುತ್ತದೆ. ನಮ್ಮನ್ನು ಬೆಚ್ಚಗಿಡುವುದು ಆ ನಿಂತ ಗಾಳಿ. ನೆಲದ ಮೇಲೆ ಮಲಗುವವರು ಹೊದೆಯುವಷ್ಟೇ ಗಮನ ಹಾಸುವುದಕ್ಕೂ ಕೊಡಬೇಕು: ಚಾಪೆ, ಅದರ ಮೇಲೆ ಕಂಬಳಿ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿಯೂ ಒದ್ದೆ ಅನ್ನಿಸುವುದಿಲ್ಲ.

ಬಾವಿ ಇದ್ದರೆ ಬೆಳಿಗ್ಗೆ ಅದರ ನೀರನ್ನೇ ಸೇದಿ. ಆಳದ ನೆಲ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದದಲ್ಲಿರುವುದರಿಂದ ಬಾವಿ ನೀರು ಮುಂಜಾನೆ ಬೆಚ್ಚಗಿರುತ್ತದೆ. ತಾರಸಿಯ ಟ್ಯಾಂಕಿನ ನೀರು ಅದೇ ಹೊತ್ತಿಗೆ ಕೊರೆಯುತ್ತದೆ, ಮಧ್ಯಾಹ್ನಕ್ಕೆ ಬಿಸಿಯಾಗುತ್ತದೆ. ವಯಸ್ಸಾದವರು ಸ್ನಾನವನ್ನು ಹನ್ನೊಂದು ಗಂಟೆಯ ಮೇಲಿಟ್ಟುಕೊಂಡರೆ ಮೈಗೂ ಹಿತ, ಸೌದೆಯೂ ಉಳಿತಾಯ. ಮಿಂದ ಮೇಲೆ ಚರ್ಮದ ಪಸೆ ಆರುವ ಮೊದಲೇ ಕೊಬ್ಬರಿ ಎಣ್ಣೆ ಸವರಿದರೆ ಹಿಮ್ಮಡಿ, ಮೊಣಕೈ ಒಡೆಯುವುದು ಕಡಿಮೆ.

ಇಲ್ಲಿ ಮಾತ್ರ ಎಚ್ಚರ

ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗಲೇಬೇಡಿ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚುವುದೂ ಅಷ್ಟೇ ಅಪಾಯ. ಎರಡರಿಂದಲೂ ಬರಬಹುದಾದ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ; ಗೊತ್ತಾಗುವ ಮೊದಲೇ ಪ್ರಾಣ ತೆಗೆಯುತ್ತದೆ. ಬಿ.ಎಚ್. ರಸ್ತೆಯಲ್ಲಿ ಶಿವಮೊಗ್ಗ–ಭದ್ರಾವತಿ ನಡುವೆ ಮುಂಜಾನೆ ಓಡಾಡುವವರು ಮಂಜಿನಲ್ಲಿ ಹೆಡ್‌ಲೈಟ್ ಡಿಮ್ ಮಾಡಿ. ಹೈಬೀಮ್ ಹಾಕಿದರೆ ಮಂಜಿನ ಹನಿಗಳು ಬೆಳಕನ್ನು ನಿಮ್ಮ ಕಣ್ಣಿಗೇ ತಿರುಗಿಸುತ್ತವೆ.

ಚಳಿಯ ಸವಿ

ಧನುರ್ಮಾಸದಲ್ಲಿ ಸೂರ್ಯ ಹುಟ್ಟುವ ಮೊದಲೇ ಪೂಜೆ, ಆಮೇಲೆ ಬಿಸಿ ಹುಗ್ಗಿ. ಹೆಸರುಬೇಳೆ, ತುಪ್ಪ, ಕಾಳುಮೆಣಸು ಬೆಳಗಿನ ಚಳಿಗೆ ಹೇಳಿ ಮಾಡಿಸಿದಂತಿವೆ. ಇಬ್ಬನಿ ಬಿದ್ದ ಅವರೆಕಾಯಿಯ ಸೊಗಡು, ಸಂಜೆಗೆ ಮಂಡಕ್ಕಿ–ಮೆಣಸಿನಕಾಯಿ ಬಜ್ಜಿ, ಸಂಕ್ರಾಂತಿಯ ಎಳ್ಳುಬೆಲ್ಲ ಈ ಕಾಲದ್ದೇ ರುಚಿಗಳು. ಒಂದು ಭಾನುವಾರ ಕೂಡಲಿಗೆ ಹೋಗಿ ನಿಲ್ಲಿ. ತುಂಗೆ, ಭದ್ರೆ ಸೇರುವಲ್ಲಿ ಗಾಳಿಗಿಂತ ಬೆಚ್ಚಗಿರುವ ನೀರಿನಿಂದ ಹಬೆ ಏಳುವುದನ್ನು ಕಾಣಬಹುದು.

ಶಿವರಾತ್ರಿಗೆ ಚಳಿ ‘ಶಿವಶಿವಾ’ ಎನ್ನುತ್ತ ಹೊರಟುಹೋಗುತ್ತದೆ ಎಂಬುದು ನಮ್ಮ ಹಿರಿಯರ ಮಾತು. ಆ ವಾರ ಕಂಬಳಿಯನ್ನು ಇನ್ನೊಂದು ಸಲ ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಮಡಿಕೆಯ ನಡುವೆ ಒಣ ಬೇವಿನೆಲೆ ಇಟ್ಟು ಅಟ್ಟಕ್ಕೇರಿಸಿ. ಮುಂದಿನ ಮಾಗಿಗೆ ಅದು ಬೇಕು.