ಎಂಟನೇ ಕುರ್ಚಿಯ ಮತ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಹೊವಾರ್ಡ್ ಕೌಂಟಿಯ ಶಿಕ್ಷಣ ಮಂಡಳಿಯಲ್ಲಿ ಎಂಟು ಕುರ್ಚಿಗಳಿವೆ. ಏಳರಲ್ಲಿ ಊರಿನ ಮತದಾರರು ಆರಿಸಿದ ಹಿರಿಯರು ಕೂರುತ್ತಾರೆ. ಎಂಟನೆಯದು ಹೈಸ್ಕೂಲು ವಿದ್ಯಾರ್ಥಿಯದು. ಆರರಿಂದ ಹನ್ನೊಂದನೇ ತರಗತಿವರೆಗಿನ ಸರ್ಕಾರಿ ಶಾಲೆಗಳ ಮಕ್ಕಳೇ ಮತ ಹಾಕಿ ಆ ಪ್ರತಿನಿಧಿಯನ್ನು ಒಂದು ವರ್ಷಕ್ಕೆ ಆರಿಸುತ್ತಾರೆ.

2020ರ ಕೊನೆಯಲ್ಲಿ ಈ ಕುರ್ಚಿ ದೊಡ್ಡ ಸುದ್ದಿಯಾಯಿತು. ಕೋವಿಡ್‌ನಿಂದ ಮುಚ್ಚಿದ್ದ ತರಗತಿಗಳನ್ನು ತೆರೆಯಬೇಕೆಂಬ ಪ್ರಸ್ತಾಪಕ್ಕೆ ಹಿರಿಯರಲ್ಲಿ ನಾಲ್ವರು ಒಪ್ಪಿದರು, ಮೂವರು ಒಪ್ಪಲಿಲ್ಲ. ವಿದ್ಯಾರ್ಥಿ ಸದಸ್ಯನೂ ಬೇಡವೆಂದ. ನಾಲ್ಕಕ್ಕೆ ನಾಲ್ಕು ಸಮವಾಗಿ ಪ್ರಸ್ತಾಪ ಬಿದ್ದುಹೋಯಿತು. ಇನ್ನೂ ಮತದಾನದ ವಯಸ್ಸಾಗದ ಹುಡುಗನಿಗೆ ಇಂಥ ಅಧಿಕಾರ ಕೊಡಬಹುದೇ ಎಂದು ಪೋಷಕರು ನ್ಯಾಯಾಲಯದ ಮೆಟ್ಟಿಲೇರಿದರು. 2022ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ವಿದ್ಯಾರ್ಥಿಯ ಮತವನ್ನು ಎತ್ತಿಹಿಡಿಯಿತು. ಶಾಲಾ ಮಂಡಳಿ ಹೇಗಿರಬೇಕೆಂದು ತೀರ್ಮಾನಿಸುವ ಹಕ್ಕು ಶಾಸನಸಭೆಯದು, ಸಂವಿಧಾನದ ಸಾಮಾನ್ಯ ಚುನಾವಣಾ ನಿಯಮಗಳು ಈ ಸ್ಥಾನಕ್ಕೆ ಅನ್ವಯಿಸುವುದಿಲ್ಲ ಎಂಬುದು ತೀರ್ಪಿನ ತಿರುಳು. ನೆರೆಯ ಆ್ಯನ್ ಅರುಂಡೆಲ್ ಕೌಂಟಿಯಲ್ಲಂತೂ ವಿದ್ಯಾರ್ಥಿ ಸದಸ್ಯರಿಗೆ ಹಿರಿಯರಷ್ಟೇ ಪೂರ್ಣ ಮತಾಧಿಕಾರವಿದೆ.

ಕೌಂಟಿಯೆಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂತೆ. ಮೇರಿಲ್ಯಾಂಡಿನಲ್ಲಿ 23 ಕೌಂಟಿಗಳು, ಜೊತೆಗೆ ಬಾಲ್ಟಿಮೋರ್ ನಗರ. ಹೀಗೆ 24 ಶಾಲಾ ವ್ಯವಸ್ಥೆಗಳು. ಮೇಲೆ ರಾಜ್ಯ ಶಿಕ್ಷಣ ಮಂಡಳಿ. ಅದರ ಸದಸ್ಯರನ್ನು ಗವರ್ನರ್ ನೇಮಿಸುತ್ತಾರೆ. ಅಲ್ಲೂ ಒಂದು ಸ್ಥಾನ ವಿದ್ಯಾರ್ಥಿಗೆ. ರಾಜ್ಯದ ಶಿಕ್ಷಣ ಸೂಪರಿಂಟೆಂಡೆಂಟರನ್ನು ಈ ಮಂಡಳಿ ಆರಿಸುತ್ತದೆ. ಕಲಿಕೆಯ ಮಾನದಂಡ, ಶಿಕ್ಷಕರ ಅರ್ಹತಾಪತ್ರ, ಹೈಸ್ಕೂಲು ಮುಗಿಸುವ ಷರತ್ತುಗಳು ರಾಜ್ಯದ ಕೈಯಲ್ಲಿ. ದಿನನಿತ್ಯದ ಆಡಳಿತ ಕೌಂಟಿಯದು. ಕೌಂಟಿ ಮಂಡಳಿ ತನ್ನ ಸೂಪರಿಂಟೆಂಡೆಂಟರನ್ನು ತಾನೇ ನೇಮಿಸಿಕೊಂಡರೂ ರಾಜ್ಯದ ಲಿಖಿತ ಒಪ್ಪಿಗೆ ಬೇಕು.

ಈ ವ್ಯವಸ್ಥೆಯ ಬೇರು 1864ರ ರಾಜ್ಯ ಸಂವಿಧಾನದಲ್ಲಿದೆ. ಆದರೆ ಸಮಾನತೆ ಬಹಳ ತಡವಾಗಿ ಬಂತು. ಬಿಳಿಯ ಶಿಕ್ಷಕರ ಸಂಬಳದ ಅರ್ಧದಷ್ಟೇ ಕಪ್ಪು ಶಿಕ್ಷಕರಿಗೆ ಸಿಗುತ್ತಿದ್ದ ಕಾಲದಲ್ಲಿ, 1936ರಲ್ಲಿ, ಮಾಂಟ್ಗಮರಿ ಕೌಂಟಿಯ ಶಿಕ್ಷಕ ವಿಲಿಯಂ ಗಿಬ್ಸ್ ಪರ ದಾವೆ ಹೂಡಿದವರು ಯುವ ವಕೀಲ ಥರ್ಗುಡ್ ಮಾರ್ಷಲ್. ಮರುವರ್ಷವೇ ಕೌಂಟಿ ಸಂಬಳ ಸರಿಸಮ ಮಾಡಲು ಒಪ್ಪಿತು. ಮಾರ್ಷಲ್ ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದರು.

ಇಂದಿನ ಸಂಕಟ ದುಡ್ಡಿನದು. ಶಾಲಾ ಮಂಡಳಿಗೆ ತೆರಿಗೆ ಹಾಕುವ ಅಧಿಕಾರವಿಲ್ಲ. ಕೌಂಟಿ ಸರ್ಕಾರದ ಮುಂದೆ ಪ್ರತಿವರ್ಷ ಕೈಚಾಚಬೇಕು. ಒಬ್ಬ ವಿದ್ಯಾರ್ಥಿಗೆ ಹಿಂದಿನ ವರ್ಷ ಕೊಟ್ಟದ್ದಕ್ಕಿಂತ ಕಡಿಮೆ ಕೊಡಬಾರದೆಂಬ ರಾಜ್ಯದ ಕಾನೂನು ಒಂದು ಆಸರೆ. 2021ರ ಸುಧಾರಣಾ ಕಾಯ್ದೆ ಶಿಕ್ಷಕರ ಸಂಬಳ ಏರಿಸಲು, ಎಳೆಯ ಮಕ್ಕಳ ಕಲಿಕೆ ವಿಸ್ತರಿಸಲು ಹೇಳುತ್ತದೆ. ಆಶಯ ದೊಡ್ಡದು, ಹೊರೆಯೂ ದೊಡ್ಡದು.

ನ್ಯಾಯಾಲಯ ಎತ್ತಿಹಿಡಿದರೂ ಹೊವಾರ್ಡಿನ ವಿದ್ಯಾರ್ಥಿ ಸದಸ್ಯರಿಗೆ ಎಲ್ಲದರಲ್ಲೂ ಮತವಿಲ್ಲ. ಬಜೆಟ್, ಸಿಬ್ಬಂದಿ ವಿಚಾರ, ಶಾಲೆಗಳ ವಿಲೀನ, ಯಾವ ಬಡಾವಣೆಯ ಮಕ್ಕಳು ಯಾವ ಶಾಲೆಗೆ ಎಂಬ ಗಡಿ ಇವೆಲ್ಲ ಅವರಿಗೆ ನಿಷಿದ್ಧ. ನೌಕರರ ಶಿಸ್ತುಕ್ರಮದಿಂದ ಮಕ್ಕಳನ್ನು ದೂರ ಇಡುವುದು ಸರಿಯೇ. ಆದರೆ ಗಡಿ ಬದಲಾದಾಗ ಗೆಳೆಯರನ್ನು ಬಿಟ್ಟು ಬೇರೆ ಬಸ್ಸು ಹತ್ತುವವರು ಮಕ್ಕಳೇ. ಆ ಒಂದು ವಿಷಯದಲ್ಲಾದರೂ ಶಾಸನಸಭೆ ಎಂಟನೇ ಕುರ್ಚಿಗೆ ಮತ ಕೊಡಬೇಕು.