ಯಾವ ಗ್ರಂಥಿ ತೆಗೆಯಬೇಕು, ಯಾವುದನ್ನು ಬಿಡಬೇಕು

ಕ್ಯಾನ್ಸರ್ ದುಗ್ಧಗ್ರಂಥಿಗಳಿಗೆ ಹರಡಿದೆ ಎಂದೊಡನೆ ಮನೆಮಂದಿ ಕೇಳುವುದು ಒಂದೇ: ಎಲ್ಲ ಗ್ರಂಥಿಗಳನ್ನೂ ತೆಗೆದುಬಿಡಬಹುದಲ್ಲ? ಗುದನಾಳ ಮತ್ತು ಗುದದ್ವಾರದ ಕ್ಯಾನ್ಸರ್‌ಗಳ ಮಟ್ಟಿಗೆ, ಎಷ್ಟು ತೆಗೆದರು ಎಂಬುದಕ್ಕಿಂತ ಎಲ್ಲಿಂದ ತೆಗೆದರು ಎಂಬುದೇ ಮುಖ್ಯ. ಈ ಎರಡು ಭಾಗಗಳು ಒತ್ತಿಗೇ ಇದ್ದರೂ ಅವುಗಳ ದುಗ್ಧರಸ ಹರಿಯುವ ದಾರಿ ಬೇರೆ. ಗುದನಾಳದ್ದು ಮುಖ್ಯವಾಗಿ ಅದರ ಸುತ್ತಲಿನ ಕೊಬ್ಬಿನ ಪದರದ ಮೂಲಕ ಮೇಲಕ್ಕೆ ಹೋಗುತ್ತದೆ. ಗುದದ್ವಾರದ ಕೆಳಭಾಗದ್ದು ತೊಡೆಸಂದಿಗೆ ಇಳಿಯುತ್ತದೆ. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಸರ್ಜನ್ ಬಿಲ್ ಹೀಲ್ಡ್ ಮತ್ತು ಸಂಗಡಿಗರು 1982ರಲ್ಲಿ, ಆ ಕೊಬ್ಬಿನ ಪದರವನ್ನು ಹರಿಯದಂತೆ ಇಡಿಯಾಗಿ ಬಿಡಿಸಿ ತೆಗೆಯಬೇಕೆಂದು ವಾದಿಸಿದರು. ಅದರ ಚೂರು ಒಳಗುಳಿದರೆ ರೋಗ ಅಲ್ಲಿಂದಲೇ ಮರಳಬಹುದು. ಈ ವಿಧಾನ ಬಳಕೆಗೆ ಬಂದ ಮೇಲೆ ಅದೇ ಜಾಗದಲ್ಲಿ ರೋಗ ಮರುಕಳಿಸುವುದು ಬಹಳ ಕಡಿಮೆಯಾಯಿತು.

ಗುದನಾಳದ ಕೆಳಭಾಗದ ಗೆಡ್ಡೆ ಮಾತ್ರ ಕೆಲವೊಮ್ಮೆ ಪದರವನ್ನು ದಾಟಿ ಸೊಂಟದ ಒಳಗೋಡೆಯ ಪಕ್ಕದ ಗ್ರಂಥಿಗಳಿಗೂ ಹೋಗುತ್ತದೆ. ಹಾಗಾದರೆ ಅವನ್ನೂ ಎಲ್ಲರಿಗೂ ತೆಗೆಯಬಾರದೇಕೆ? ಜಪಾನಿನಲ್ಲಿ, ಸ್ಕ್ಯಾನ್‌ನಲ್ಲಿ ಈ ಗ್ರಂಥಿಗಳು ದೊಡ್ಡದಾಗಿ ಕಾಣದ 701 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ತೆಗೆಸಿಕೊಂಡವರಲ್ಲಿ ಸ್ಥಳೀಯ ಮರುಕಳಿಕೆ ಶೇ. 7.4, ಉಳಿದವರಲ್ಲಿ ಶೇ. 12.6. ಲಾಭ ನಿಜ, ಆದರೆ ಬದುಕುಳಿದವರ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಶಸ್ತ್ರಕ್ರಿಯೆ ದೀರ್ಘವಾಯಿತು, ರಕ್ತಸ್ರಾವ ಹೆಚ್ಚಿತು. ಮೂತ್ರ ಮತ್ತು ಲೈಂಗಿಕ ಕ್ರಿಯೆಯ ನರಗಳು ಅಲ್ಲೇ ಹಾದುಹೋಗುವುದರಿಂದ ಅವುಗಳಿಗೂ ಅಪಾಯವಿದೆ. ಆದರೆ ಎಂಆರ್‌ಐನಲ್ಲಿ ಪಕ್ಕದ ಗ್ರಂಥಿ 7 ಮಿಲಿಮೀಟರಿಗಿಂತ ಕಡಿಮೆಯಿಲ್ಲದಿದ್ದರೆ ಲೆಕ್ಕ ಬದಲಾಗುತ್ತದೆ. 2019ರ ಬಹುರಾಷ್ಟ್ರೀಯ ಅಧ್ಯಯನವೊಂದರಲ್ಲಿ, ಅಂಥವರಲ್ಲಿ ರೇಡಿಯೇಷನ್ ಕೊಟ್ಟು ಗುದನಾಳವನ್ನಷ್ಟೇ ತೆಗೆದಾಗ ಶೇ. 19.5 ಮಂದಿಗೆ ಪಕ್ಕದಲ್ಲೇ ರೋಗ ಮರಳಿತ್ತು. ಗ್ರಂಥಿಗಳನ್ನೂ ತೆಗೆದಾಗ ಅದು ಶೇ. 5.7ಕ್ಕೆ ಇಳಿದಿತ್ತು.

ಗುದದ್ವಾರದ ಕ್ಯಾನ್ಸರ್‌ನ ಕಥೆ ಬೇರೆ. ಡೆಟ್ರಾಯ್ಟ್‌ನ ನಾರ್ಮನ್ ನಿಗ್ರೋ 1974ರಲ್ಲಿ, ಕೀಮೋ ಮತ್ತು ರೇಡಿಯೇಷನ್ ಜೊತೆಯಾಗಿ ಕೊಟ್ಟರೆ ಗೆಡ್ಡೆ ಪೂರ್ತಿ ಕರಗಬಲ್ಲದೆಂದು ತೋರಿಸಿದರು. ಇಂದು ಸಾಮಾನ್ಯವಾಗಿ ಕೊಡುವ ಮೊದಲ ಚಿಕಿತ್ಸೆ ಅದೇ. ತೊಡೆಸಂದಿನ ಗ್ರಂಥಿಗಳಿಗೂ ರೇಡಿಯೇಷನ್ ಸಲ್ಲುತ್ತದೆ. ಕತ್ತರಿಸದೆ ಗುಣವಾದೀತೇ ಎಂಬ ಅನುಮಾನ ಸಹಜ. ಆದರೆ ತೊಡೆಸಂದನ್ನು ಕತ್ತರಿಸಿದರೆ ಗಾಯ ಮಾಯುವುದು ತಡವಾಗಬಹುದು, ಕಾಲು ಶಾಶ್ವತವಾಗಿ ಊದಿಕೊಳ್ಳಬಹುದು. ಆದ್ದರಿಂದ ಅಲ್ಲಿ ರೋಗ ಉಳಿದರೆ ಅಥವಾ ಮರಳಿದರೆ ಮಾತ್ರ ಸಾಮಾನ್ಯವಾಗಿ ಶಸ್ತ್ರಕ್ರಿಯೆ.

ಹಾಗಾಗಿ ಆಪರೇಷನ್‌ಗೆ ಒಪ್ಪಿಗೆ ಕೊಡುವ ಮುನ್ನ ವೈದ್ಯರನ್ನು ಧೈರ್ಯವಾಗಿ ಕೇಳಿ: ಎಂಆರ್‌ಐನಲ್ಲಿ ಗ್ರಂಥಿಗಳು ಹೇಗೆ ಕಂಡವು, ಯಾವುದನ್ನು ತೆಗೆಯುತ್ತೀರಿ, ಏಕೆ? ಇದನ್ನು ಕೇಳುವುದು ರೋಗಿಯ ಹಕ್ಕು.